ದಾವಣಗೆರೆಯ ಕಲಾವಿದರ ಗೋಡೆ ಕ್ಯಾಲೆಂಡರ್: ನಮ್ಮ ವಿವರಗಳ ಹನ್ನೆರಡು ಚಿತ್ರಗಳು

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿ ಹೊರಬಂದ ಕೆಲವು ಯುವ ಕಲಾವಿದರು ಸೇರಿ ರೂಪಿಸಿರುವ ಹನ್ನೆರಡು ಹಾಳೆಗಳ ಕ್ಯಾಲೆಂಡರೊಂದನ್ನು ಈ ವರ್ಷ ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿದ್ದೇವೆ. ಸರ್ಕಾರದ ಸೇವೆಗಳು ಒಂದೊಂದಾಗಿ ಕಂಪ್ಯೂಟರಿಗೂ ಮೊಬೈಲಿಗೂ ಸರಿದಿರುವಾಗ ನಮ್ಮ ವಿವರಗಳು ಎಲ್ಲಿಗೆ ಹೋಗುತ್ತವೆ, ಅವನ್ನು ಯಾರು ನೋಡುತ್ತಾರೆ, ನೋಡುವವರನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿನ ಅಷ್ಟೂ ಚಿತ್ರಗಳ ವಸ್ತು. ಬೆಲೆ 250 ರೂಪಾಯಿ. ಅಂಗಡಿಗಳವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುವ ದೇವರ ಪಟದ ಕ್ಯಾಲೆಂಡರುಗಳ ಎದುರು ಇದು ದುಬಾರಿ ಎನ್ನಿಸಬಹುದು. ಆದರೆ ಮಾರ್ಚ್ ತಿಂಗಳ ಒಂದು ಹಾಳೆಗಾಗಿಯೇ ನಾನು ಅಷ್ಟು ಹಣ ಕೊಡಲು ಸಿದ್ಧ.

ಆ ಹಾಳೆಯ ತುಂಬ ಇರುವುದು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬಳ ಹೆಬ್ಬೆರಳು. ಕಪ್ಪು ಶಾಯಿಯಲ್ಲಿ, ಕೂದಲೆಳೆಯಷ್ಟು ಸಣ್ಣ ನಿಬ್ಬಿನಿಂದ ಎಳೆದಿರುವ ಬೆರಳಿನ ಗೆರೆಗಳು ಅಂಚಿನಲ್ಲಿ ದಟ್ಟವಾಗಿ ಆರಂಭವಾಗಿ, ನಡುವಿಗೆ ಬರುತ್ತಿದ್ದಂತೆ ಸವೆಯುತ್ತ, ಕೊನೆಗೆ ಬರೀ ಬಿಳಿ ಕಾಗದವಷ್ಟೇ ಉಳಿಯುತ್ತದೆ. ಕೆಳಗಡೆ, ನ್ಯಾಯಬೆಲೆ ಅಂಗಡಿಯ ಯಂತ್ರದ ಪರದೆಯ ಮೇಲೆ ಮೂಡುವಂತಹ ಅಕ್ಷರಗಳಲ್ಲಿ 'ಹೊಂದಾಣಿಕೆಯಾಗಿಲ್ಲ' ಎಂಬ ಒಂದೇ ಮಾತು ಇದೆ. ಬಿಸಿ, ಉಪ್ಪು, ಮರಳುಗಳ ನಡುವೆ ವರ್ಷಗಟ್ಟಲೆ ದುಡಿದದ್ದರಿಂದಲೇ ಸವೆದುಹೋದ ಆ ಬೆರಳನ್ನು ಯಂತ್ರವು ಅವಳದ್ದಲ್ಲವೆಂದು ತಳ್ಳಿಹಾಕುವುದರಲ್ಲಿರುವ ಅನ್ಯಾಯವನ್ನು ಯಾವ ಭಾಷಣವೂ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗೆಂದು ಈ ಕಲಾವಿದರು ಗಣಕೀಕರಣವನ್ನೇ ವಿರೋಧಿಸುವವರಲ್ಲ ಎಂಬುದು ಜೂನ್ ತಿಂಗಳ ಚಿತ್ರದಿಂದ ತಿಳಿಯುತ್ತದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ ಬರುವ ಮುನ್ನ, ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯಬೇಕಿದ್ದ ಕಾಲವನ್ನು ಚಿತ್ರದ ಎಡಭಾಗದ ಬಟ್ಟೆಚೀಲ ಮತ್ತು ದಾರ ಕಟ್ಟಿದ ಕೈಬರಹದ ಪುಸ್ತಕ ನೆನಪಿಸುತ್ತವೆ. ಬಲಭಾಗದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಿಂದ ಅಚ್ಚಾದ ಹಾಳೆಯೊಂದು ರೈತನ ಕೈಗೆ ಬರುತ್ತಿದೆ. ಹಾಳೆ ಕೈಸೇರಿದ ಸಮಾಧಾನ ಅವನ ಮುಖದಲ್ಲಿ ನಿಜವಾಗಿಯೂ ಇದೆ. ಆದರೆ ಅವನ ಹೆಗಲ ಹಿಂದಿನಿಂದ ಯಾರೋ ಇಬ್ಬರು ಅದೇ ಹಾಳೆಯಲ್ಲಿ ಬ್ಯಾಂಕಿನ ಸಾಲ ನಮೂದಾಗಿರುವ ಜಾಗವನ್ನು ಓದುತ್ತಿದ್ದಾರೆ. ಅನುಕೂಲವೂ ಬಯಲಾಗುವಿಕೆಯೂ ಒಂದೇ ಕಾಗದದಲ್ಲಿ ಬರುತ್ತವೆ ಎಂಬುದನ್ನು ಒಪ್ಪಿಕೊಂಡು ಮಾತನಾಡುವುದರಿಂದಲೇ ಇವರ ಟೀಕೆಗೆ ತೂಕ ಬಂದಿದೆ ಎಂದು ನನ್ನ ಅಭಿಪ್ರಾಯ.

ಆಗಸ್ಟ್ ಹಾಳೆಯಲ್ಲಿ 24ನೇ ತಾರೀಖನ್ನು ರಜಾದಿನದಂತೆ ಕೆಂಪಕ್ಷರದಲ್ಲಿ ಅಚ್ಚುಮಾಡಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಸಾರಿದ ದಿನವದು. ಮರುವರ್ಷ ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿದ ಪೀಠವೂ ಖಾಸಗಿ ಕಂಪನಿಗಳ ಬಳಕೆಗೆ ಕಡಿವಾಣ ಹಾಕಿತು. ಚಿತ್ರ ಸಾಧಾರಣವಾಗಿದೆ, ಆ ಕೆಂಪಕ್ಷರ ಮಾತ್ರ ಮರೆಯುವಂಥದ್ದಲ್ಲ.

ಅಕ್ಟೋಬರ್, ನವೆಂಬರ್ ಹಾಳೆಗಳು ನಿರಾಸೆ ಉಂಟುಮಾಡುತ್ತವೆ. ದೊಡ್ಡದೊಂದು ಕಣ್ಣು, ಹಣೆಯ ಮೇಲೆ ಬಾರ್‌ಕೋಡ್, ಕೈಗೆ ಸರಪಳಿ: ಇವನ್ನು ಯಾವ ಊರಿನವರು ಬೇಕಾದರೂ ಬರೆಯಬಹುದಿತ್ತು. 2016ರ ಮೊದಲ ಸ್ಮಾರ್ಟ್ ಸಿಟಿ ಪಟ್ಟಿಯ ಇಪ್ಪತ್ತು ನಗರಗಳಲ್ಲಿ ದಾವಣಗೆರೆಯೂ ಒಂದು. ನಮ್ಮದೇ ವೃತ್ತಗಳಲ್ಲಿ ಕ್ಯಾಮೆರಾಗಳ ಕೆಳಗೆ ದಿನವೂ ನಡೆದಾಡುವ ಜನರನ್ನು, ಮಂಡಕ್ಕಿ ಭಟ್ಟಿಯ ಹೆಂಗಸನ್ನು ಕಂಡಷ್ಟೇ ಹತ್ತಿರದಿಂದ ಕಂಡಿದ್ದರೆ ಆ ಎರಡು ಹಾಳೆಗಳೂ ಉಳಿದವುಗಳ ಮಟ್ಟಕ್ಕೆ ಬರುತ್ತಿದ್ದವು.

ಹಾಳೆಗಳ ಹಿಂಬದಿಯಲ್ಲಿ ಬಳಕೆಗೆ ಬರುವ ಮಾಹಿತಿಯಿದೆ. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪಡೆಯುವುದು, ಬೆರಳಚ್ಚಿನ ವಿವರಕ್ಕೆ ಬೀಗ ಹಾಕುವುದು, ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣಕ್ಕೆ ಬಳಕೆಯಾಗಿದೆ ಎಂದು ನೋಡುವುದು ಹೇಗೆಂದು ತಿಳಿಸಿದ್ದಾರೆ. ಕೊನೆಯದಂತೂ ಬಹಳ ಮುಖ್ಯ, ಏಕೆಂದರೆ ಸರ್ಕಾರ ನಮ್ಮನ್ನು ನೋಡುವಂತೆ ನಮ್ಮನ್ನು ನೋಡಿದವರ ಲೆಕ್ಕವೂ ನಮಗೆ ಸಿಗದಿದ್ದರೆ ನಂಬಿಕೆ ಹುಟ್ಟುವುದಿಲ್ಲ. ಅಕ್ಷರಗಳು ಮಾತ್ರ ತೀರಾ ಚಿಕ್ಕವು; ಈ ಮಾಹಿತಿ ಹೆಚ್ಚು ಬೇಕಿರುವ ಹಿರಿಯರಿಗೆ ಓದಲಾಗುವುದಿಲ್ಲ.

ಕಾಗದ ದಪ್ಪವಾಗಿದೆ, ಬಣ್ಣಗಳು ಮಾಸಿಲ್ಲ. ತಿಥಿ, ಸಂಕಷ್ಟಿ, ಅಮಾವಾಸ್ಯೆಗಳನ್ನು ಹಾಕದಿರುವುದರಿಂದ ಅನೇಕ ಮನೆಗಳಲ್ಲಿ ಇದರ ಪಕ್ಕದಲ್ಲಿ ಇನ್ನೊಂದು ಕ್ಯಾಲೆಂಡರ್ ಬೇಕಾಗುತ್ತದೆ.

ಕೊಳ್ಳುವ ವಿಧಾನದ ಬಗ್ಗೆ ಒಂದು ಗಂಭೀರ ಆಕ್ಷೇಪವಿದೆ. ಆನ್‌ಲೈನ್ ಅರ್ಜಿಯಲ್ಲಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಯ ಜೊತೆಗೆ ಹುಟ್ಟಿದ ದಿನಾಂಕವನ್ನೂ ಕೇಳುತ್ತಾರೆ. ಅಂಚೆಯಲ್ಲಿ ಕ್ಯಾಲೆಂಡರ್ ಕಳಿಸಲು ಹುಟ್ಟಿದ ದಿನಾಂಕ ಬೇಕಿಲ್ಲ, ಉಳಿದ ವಿವರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬ ಸೂಚನೆಯೂ ಅಲ್ಲಿಲ್ಲ. ಮುಂದಿನ ಆವೃತ್ತಿಗೆ ಮುನ್ನ ಅವರು ಆ ಪ್ರಶ್ನೆಯನ್ನು ಕೈಬಿಟ್ಟು, ವಿವರಗಳನ್ನು ಅಳಿಸುವ ದಿನವನ್ನು ಅರ್ಜಿಯಲ್ಲೇ ನಮೂದಿಸಬೇಕು. ಅಲ್ಲಿಯವರೆಗೆ ಕಲಾವಿದರನ್ನು ನೇರವಾಗಿ ಕಂಡು, ನಗದು ಕೊಟ್ಟು ಕೊಳ್ಳುವುದು ಒಳ್ಳೆಯದು.