430 ಗಂಟೆಗಳ ನಂತರವೂ ಕೆಂಪಾಗಿಯೇ ನಿಂತಿರುವ ಸಿಗ್ನಲ್: ಒಂದು ರೈಲು ಚಾಲನೆಯ ಆಟದ ಬಗ್ಗೆ

ಎರಡೂವರೆ ವರ್ಷಗಳಲ್ಲಿ ನಾನು ಈ ಆಟದಲ್ಲಿ 430 ಗಂಟೆ ರೈಲು ಓಡಿಸಿದ್ದೇನೆ. ಅದರಲ್ಲಿ ಮೂವತ್ತು ಗಂಟೆಗಳಾದರೂ ಹಸಿರಾಗದ ಕೆಂಪು ಸಿಗ್ನಲ್ಲಿನ ಮುಂದೆ ಸುಮ್ಮನೆ ನಿಂತು ಕಳೆದಿವೆ. ಆಟದ ಹೆಸರನ್ನೂ ಅದನ್ನು ತಯಾರಿಸಿದ ಕಂಪನಿಯ ಹೆಸರನ್ನೂ ಬರೆಯುತ್ತಿಲ್ಲ, ಏಕೆಂದರೆ ಈ ಬಗೆಯ ಬೇರೆ ಆಟಗಳನ್ನು ಆಡುವ ಗೆಳೆಯರೂ ಇದೇ ಕಾಯಿಲೆಯ ಕಥೆ ಹೇಳುತ್ತಾರೆ. ದೃಶ್ಯಗಳ ಗುಣಮಟ್ಟ, ಬೇಕಾದ ಗ್ರಾಫಿಕ್ಸ್ ಕಾರ್ಡ್, ಮಾರ್ಗಗಳ ಪಟ್ಟಿ ಇವೆಲ್ಲ ಮಾರಾಟದ ಪುಟದಲ್ಲಿಯೇ ಸಿಗುವುದರಿಂದ ಅವುಗಳ ಗೋಜಿಗೂ ಹೋಗುವುದಿಲ್ಲ.

ನನ್ನ ದಿನಚರಿಯನ್ನು ಮಾತ್ರ ಹೇಳಲೇಬೇಕು, ಏಕೆಂದರೆ ತೊಂದರೆ ಹುಟ್ಟುವುದೇ ಅಲ್ಲಿಂದ. ಊಟ ಮುಗಿಸಿ, ಮಗಳ ಶಾಲೆಯ ಕೆಲಸ ನೋಡಿ, ರಾತ್ರಿ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕುಳಿತರೆ ಹತ್ತೂ ಮುಕ್ಕಾಲಿಗೆ ಏಳಬೇಕು. ಬೆಳಿಗ್ಗೆ ಏಳಕ್ಕೆ ಆಫೀಸಿನ ಬಸ್ಸು ಬರುತ್ತದೆ. ನನಗೆ ಅಚ್ಚುಮೆಚ್ಚಾದ ಜರ್ಮನಿಯ ಮಾರ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಲು ಒಂದೂವರೆ ಗಂಟೆ ಬೇಕು. ಆದ್ದರಿಂದ ಅರ್ಧ ದಾರಿಯಲ್ಲಿ ಸೇವ್ ಮಾಡಿ ಮಲಗಿ, ಮರುದಿನ ರಾತ್ರಿ ಅಲ್ಲಿಂದಲೇ ಮುಂದುವರಿಸುತ್ತಿದ್ದೆ. ಹಾಗೆ ಮುಂದುವರಿಸಿದಾಗ, ಮೂರು ಸಲಕ್ಕೆ ಒಂದು ಸಲ ಎಂಬ ಲೆಕ್ಕದಲ್ಲಿ, ಮುಂದಿನ ನಿಲ್ದಾಣದ ನಿರ್ಗಮನ ಸಿಗ್ನಲ್ ಕೆಂಪಾಗಿಯೇ ಉಳಿಯುತ್ತದೆ. ಪ್ರಯಾಣಿಕರು ಹತ್ತಿ ಬಾಗಿಲು ಮುಚ್ಚಿರುತ್ತದೆ, ಹೊರಡುವ ಸಮಯವೂ ಮೀರಿರುತ್ತದೆ, ಎದುರಿನಿಂದ ಬರುವ ರೈಲೂ ಇರುವುದಿಲ್ಲ.

ಇಷ್ಟು ಸಿಟ್ಟಿದ್ದರೂ ಬಿಡಲಾಗದಿರುವುದಕ್ಕೆ ಕಾರಣ ಆಟದ ಇಂಜಿನ್ನಿನ ಕೋಣೆ, ಅಂದರೆ ಚಾಲಕ ಕೂರುವ ಜಾಗ. ಜರ್ಮನಿಯ ಇಂಜಿನ್ನುಗಳಲ್ಲಿ ಸಿಫಾ ಎಂಬ ಪೆಡಲ್ ಇರುತ್ತದೆ. ಚಾಲಕ ಅದನ್ನು ಒತ್ತಿ ಹಿಡಿದಿರಬೇಕು, ಆದರೆ ಮೂವತ್ತು ಸೆಕೆಂಡುಗಳೊಳಗೆ ಒಮ್ಮೆ ಕಾಲೆತ್ತಿ ಮತ್ತೆ ಒತ್ತಬೇಕು. ಮರೆತರೆ ಮೊದಲು ದೀಪ ಹತ್ತುತ್ತದೆ, ನಂತರ ಸದ್ದಾಗುತ್ತದೆ, ಆಗಲೂ ಎಚ್ಚರಗೊಳ್ಳದಿದ್ದರೆ ತುರ್ತು ಬ್ರೇಕ್ ತಾನಾಗಿಯೇ ಬೀಳುತ್ತದೆ. ಚಾಲಕ ನಿದ್ದೆ ಹೋಗಿಲ್ಲ, ಪ್ರಜ್ಞೆ ತಪ್ಪಿಲ್ಲ ಎಂದು ಖಚಿತಪಡಿಸಿಕೊಳ್ಳುವ ಏರ್ಪಾಡು ಇದು. ನಾನು ಹಳೆಯ ಹೊಲಿಗೆ ಯಂತ್ರದ ಕಾಲುಪೆಡಲಿಗೆ ಒಂದು ಸ್ವಿಚ್ ಜೋಡಿಸಿ ಅದನ್ನೇ ಸಿಫಾ ಮಾಡಿಕೊಂಡಿದ್ದೇನೆ. ಇನ್ನೂರು ರೂಪಾಯಿಯ ಈ ಏರ್ಪಾಡು ಕೊಟ್ಟ ಸಂತೋಷವನ್ನು ಎರಡು ಸಾವಿರದ ಹೆಚ್ಚುವರಿ ಮಾರ್ಗಗಳು ಕೊಟ್ಟಿಲ್ಲ. ಈಗ ಊಟದ ಮೇಜಿನಡಿಯಲ್ಲಿಯೂ ನನ್ನ ಕಾಲು ಅರ್ಧ ನಿಮಿಷಕ್ಕೊಮ್ಮೆ ಎದ್ದು ಬೀಳುತ್ತದೆ ಎಂದು ಮನೆಯವರು ಹೇಳುತ್ತಾರೆ.

ಇನ್ನೊಂದು ಸಂಗತಿ ಪಿಜಡ್‌ಬಿ, ಚಾಲಕ ಕೆಂಪು ಸಿಗ್ನಲ್ಲನ್ನು ದಾಟದಂತೆ ಕಾಯುವ ಏರ್ಪಾಡು. 1930ರ ದಶಕದಲ್ಲಿ ಇಂಡೂಸಿ ಎಂಬ ಹೆಸರಿನಿಂದ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ ಹಳಿಯ ಪಕ್ಕದಲ್ಲಿರುವ ಮ್ಯಾಗ್ನೆಟ್ಟುಗಳು ಹಾದುಹೋಗುವ ಇಂಜಿನ್ನಿಗೆ ಸಿಗ್ನಲ್ಲಿನ ಸ್ಥಿತಿಯನ್ನು ತಿಳಿಸುತ್ತವೆ. ಮುಂದಿನ ಸಿಗ್ನಲ್ ಕೆಂಪಾಗಿದೆ ಎಂದು ಎಚ್ಚರಿಸುವ ಸಿಗ್ನಲ್ಲಿನ ಬಳಿ 1000 ಹರ್ಟ್ಸ್‌ನ ಮ್ಯಾಗ್ನೆಟ್ ಇರುತ್ತದೆ. ಅದನ್ನು ದಾಟಿದ ನಾಲ್ಕು ಸೆಕೆಂಡುಗಳೊಳಗೆ ಗುಂಡಿ ಒತ್ತಿ, ಸಿಗ್ನಲ್ಲನ್ನು ನೋಡಿದ್ದೇನೆಂದು ತಿಳಿಸಬೇಕು, ಆಮೇಲೆ ವೇಗದ ಪ್ರಯಾಣಿಕ ರೈಲಾದರೆ 23 ಸೆಕೆಂಡುಗಳೊಳಗೆ ಗಂಟೆಗೆ 85 ಕಿ.ಮೀ.ಗೆ ಇಳಿಯಬೇಕು. ಮುಖ್ಯ ಸಿಗ್ನಲ್ಲಿಗೆ ಸುಮಾರು 250 ಮೀಟರ್ ಇರುವಾಗ 500 ಹರ್ಟ್ಸ್‌ನ ಮ್ಯಾಗ್ನೆಟ್ ಸಿಗುತ್ತದೆ. ಅಲ್ಲಿ ವೇಗ 65ರೊಳಗಿದ್ದು, ಮುಂದಿನ 153 ಮೀಟರುಗಳಲ್ಲಿ 45ಕ್ಕೆ ಬರಬೇಕು. ಕೆಂಪು ಸಿಗ್ನಲ್ಲಿನ ಬುಡದಲ್ಲಿರುವ 2000 ಹರ್ಟ್ಸ್‌ನ ಮ್ಯಾಗ್ನೆಟ್ಟನ್ನು ದಾಟಿದಿರೋ, ಮಾತಿಲ್ಲದೆ ತುರ್ತು ಬ್ರೇಕ್. ಮಳೆಯ ರಾತ್ರಿಯಲ್ಲಿ, ವೈಪರಿನ ಸದ್ದಿನ ನಡುವೆ, ಪಿಜಡ್‌ಬಿಯ ನೀಲಿ ದೀಪ ಮಿನುಗುವುದನ್ನು ನೋಡುತ್ತಾ ಬ್ರೇಕನ್ನು ಹದವಾಗಿ ಹಿಡಿದು, ಪ್ಲಾಟ್‌ಫಾರ್ಮಿನ ಫಲಕದ ಎದುರು ಸರಿಯಾಗಿ ನಿಲ್ಲಿಸಿದಾಗ ಸಿಗುವ ನೆಮ್ಮದಿಗೆ ನಾನು ಆಫೀಸಿನಲ್ಲಿ ಮಾಡುವ ಯಾವ ಕೆಲಸವೂ ಸಮನಲ್ಲ.

ಆದ್ದರಿಂದಲೇ ಆ ಕೆಂಪು ಸಿಗ್ನಲ್ ಇಷ್ಟು ಕೆರಳಿಸುತ್ತದೆ. ನಿಜವಾದ ರೈಲ್ವೆಯಲ್ಲಿ ಸಿಗ್ನಲ್ ಕೆಡುವುದು ಅಪರೂಪವಲ್ಲ, ಆದರೆ ಕೆಟ್ಟಾಗ ಏನು ಮಾಡಬೇಕೆಂಬುದು ಬರೆದಿಟ್ಟಿದೆ. ಜರ್ಮನಿಯಲ್ಲಿ ಅಂಥ ಸಿಗ್ನಲ್ಲಿನಲ್ಲಿ ಮೂರು ಬಿಳಿ ದೀಪಗಳನ್ನು ಬೆಳಗಿಸಿ ಚಾಲಕನಿಗೆ ದಾಟಲು ಅಪ್ಪಣೆ ಕೊಡಬಹುದು, ಅಥವಾ ಲಿಖಿತ ಆದೇಶವನ್ನು ಕೊಡಬಹುದು. ಆಗ ಚಾಲಕ ಬೆಫೆಲ್ (ಆದೇಶ) ಎಂಬ ಗುಂಡಿಯನ್ನು ಒತ್ತಿ ಹಿಡಿದು, 2000 ಹರ್ಟ್ಸ್‌ನ ಬ್ರೇಕ್ ಬೀಳದಂತೆ ನೋಡಿಕೊಂಡು, ನಿಧಾನವಾಗಿ ಮುಂದೆ ಹೋಗುತ್ತಾನೆ. ಈ ಆಟದಲ್ಲಿ ಆ ಗುಂಡಿಯೂ ಇದೆ, ಒತ್ತಿದರೆ ಅದರ ದೀಪವೂ ಹತ್ತುತ್ತದೆ, ಆದರೆ ಆದೇಶ ಕೊಡುವವರು ಯಾರೂ ಇಲ್ಲ. ನಿಯಂತ್ರಕರ ಅನುಮತಿ ಕೇಳಲು ಇರುವ ಕೀಲಿಯನ್ನು ಒತ್ತಿದಾಗಲೆಲ್ಲ ಪರದೆಯ ಮೇಲೆ ಬರುವುದು ಒಂದೇ ವಾಕ್ಯ: ಅನುಮತಿ ನಿರಾಕರಿಸಲಾಗಿದೆ. ಅನುಮತಿಯಿಲ್ಲದೆ ದಾಟಿದರೆ ಆಟ ಅಲ್ಲಿಗೇ ಮುಗಿಯುತ್ತದೆ, ಹಿಂದಿನ ರಾತ್ರಿಯ ನಲವತ್ತೈದು ನಿಮಿಷಗಳೂ ವ್ಯರ್ಥವಾಗುತ್ತವೆ.

ಹುಬ್ಬಳ್ಳಿಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿರುವ ಭಾವ ಕಳೆದ ದೀಪಾವಳಿಗೆ ಬಂದಾಗ ಇದನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಗಾಡಿ ಹೋಗೇದ, ಎಣಿಕಿ ಉಳದದ. ಇದು ಆಕ್ಸಲ್ ಕೌಂಟರ್ ತಕರಾರು" ಎಂದರು. ಹಳಿಯ ಒಂದು ಭಾಗದೊಳಗೆ ಎಷ್ಟು ಅಚ್ಚುಗಳು ಹೋದವು, ಎಷ್ಟು ಹೊರಬಂದವು ಎಂದು ಎಣಿಸುವ ಸಾಧನವದು. ಎರಡೂ ಲೆಕ್ಕ ತಾಳೆಯಾಗದಿದ್ದರೆ, ಹಳಿ ಬರಿದಾಗಿದ್ದರೂ ಅಲ್ಲಿ ಗಾಡಿಯಿದೆಯೆಂದೇ ವ್ಯವಸ್ಥೆ ನಂಬುತ್ತದೆ, ಮತ್ತು ಹಾಗೆ ನಂಬುವುದೇ ಸುರಕ್ಷಿತ. ಆಟದಲ್ಲಿಯೂ ಬಹುಶಃ ಆಗುತ್ತಿರುವುದು ಅದೇ: ಸೇವ್ ಮಾಡಿದ ಗಳಿಗೆಯಲ್ಲಿ ಮುಂದಿನ ಹಳಿಯನ್ನು ಹಿಡಿದಿದ್ದ ಇನ್ನೊಂದು ರೈಲು, ಮತ್ತೆ ತೆರೆದಾಗ ಮಾಯವಾಗಿರುತ್ತದೆ, ಆದರೆ ಅದರ ಹೆಸರಿನಲ್ಲಿ ಕಾಯ್ದಿರಿಸಿದ ಹಳಿ ಬಿಡುಗಡೆಯಾಗಿರುವುದಿಲ್ಲ. "ನಮ್ಮಲ್ಲಿ ಹಿಂಗಾದ್ರ ಸ್ಟೇಷನ್ ಮಾಸ್ಟರ್ ಟಿ/369 (3ಬಿ) ಕಾಗದ ಬರದು ಕೊಟ್ಟು ಗಾಡಿ ದಾಟಸ್ತಾರ. ನಿನ್ನ ಜರ್ಮನಿಯವರಿಗೆ ಒಂದು ಕಾಗದ ಬರಿಯಾಕ ಆಗೂದಿಲ್ಲೇನು?" ಎಂದು ಭಾವ ಕೇಳಿದ ಪ್ರಶ್ನೆಯನ್ನು, ಸ್ವಲ್ಪ ಸಭ್ಯ ರೂಪದಲ್ಲಿ, ಕಂಪನಿಗೆ ಕಳುಹಿಸಿದ್ದೇನೆ.

ಅದು ನನ್ನ ಆರನೆಯ ಪತ್ರ. ಮೊದಲನೆಯದಕ್ಕೆ ಎರಡೇ ದಿನಗಳಲ್ಲಿ ಸೌಜನ್ಯದ ಉತ್ತರ ಬಂದಿತ್ತು. ಮೂರನೆಯದರ ಜೊತೆ ಸೇವ್ ಮಾಡಿದ ಕಡತವನ್ನೂ ವಿಡಿಯೊವನ್ನೂ ಕಳುಹಿಸಿದಾಗ, ದೋಷವು ತಿಳಿದಿರುವ ಸಮಸ್ಯೆಗಳ ಪಟ್ಟಿಯಲ್ಲಿದೆ ಎಂದು ತಿಳಿಸಿದರು. ಆ ಪಟ್ಟಿಯಲ್ಲಿ ಅದು ಹದಿನಾಲ್ಕು ತಿಂಗಳಿನಿಂದ ಇದೆ. ಅಷ್ಟರಲ್ಲಿ ನಾಲ್ಕು ಹೊಸ ಮಾರ್ಗಗಳು ಮಾರಾಟಕ್ಕೆ ಬಂದಿವೆ, ಮತ್ತು ಹೊಸ ಮಾರ್ಗಗಳಲ್ಲಿಯೂ ಅದೇ ಸಿಗ್ನಲ್ ಅದೇ ರೀತಿ ಕೆಂಪಾಗುತ್ತದೆ. ಒಂದನ್ನು ಅರ್ಧ ಬೆಲೆಗೆ ಕೊಂಡು ನಾನೇ ಪರೀಕ್ಷಿಸಿದ್ದೇನೆ, ಅದು ನನ್ನ ತಪ್ಪು.

ಹೀಗೇಕೆ ಎಂದು ಯೋಚಿಸಿದಾಗ ಸಿಟ್ಟು ಸ್ವಲ್ಪ ಇಳಿಯುತ್ತದೆ. ಇಂಥ ಕಂಪನಿಗಳ ಸಂಪಾದನೆ ಹೊಸ ಮಾರ್ಗಗಳ ಮತ್ತು ಹೊಸ ಇಂಜಿನ್ನುಗಳ ಮಾರಾಟದಿಂದ ಬರುತ್ತದೆ. ಹಳೆಯ ದೋಷ ಸರಿಪಡಿಸಿದ್ದಕ್ಕೆ ಯಾರೂ ಹಣ ಕೊಡುವುದಿಲ್ಲ. ಮಾರ್ಗಗಳನ್ನು ಕಟ್ಟುವವರು ಹಲವೊಮ್ಮೆ ಹೊರಗಿನ ತಂಡದವರು, ಸಿಗ್ನಲ್ಲಿನ ಮೂಲ ಕೋಡ್ ಮಾತ್ರ ಎಲ್ಲರಿಗೂ ಒಂದೇ. ಅದನ್ನು ಒಂದು ಕಡೆ ಮುಟ್ಟಿದರೆ ಎಲ್ಲ ಮಾರ್ಗಗಳ ಎಲ್ಲ ವೇಳಾಪಟ್ಟಿಗಳನ್ನೂ ಮತ್ತೆ ಓಡಿಸಿ ನೋಡಬೇಕಾಗುತ್ತದೆ. ಗೇಮ್ ಕನ್ಸೋಲುಗಳಿಗಾದರೆ ದೋಷ ತಿದ್ದುವ ಪ್ರತಿ ಪ್ಯಾಚ್ ಕನ್ಸೋಲ್ ಕಂಪನಿಯ ಪರೀಕ್ಷೆಯನ್ನೂ ದಾಟಬೇಕು. ಜೊತೆಗೆ, ಸೇವ್ ಮಾಡುವುದೆಂದರೆ ನನ್ನ ರೈಲಿನ ವೇಗವನ್ನು ಬರೆದಿಟ್ಟುಕೊಂಡಷ್ಟು ಸರಳವಲ್ಲ. ಮಾರ್ಗದಲ್ಲಿರುವ ಪ್ರತಿಯೊಂದು ರೈಲಿನ ಸ್ಥಾನ, ಬ್ರೇಕ್ ಪೈಪಿನ ಒತ್ತಡ, ಹಳಿ ಬದಲಿಸುವ ಪಾಯಿಂಟುಗಳ ದಿಕ್ಕು, ಯಾವ ಹಳಿ ಯಾರಿಗೆ ಮೀಸಲು ಎಂಬುದೆಲ್ಲವೂ ಒಂದೇ ಕ್ಷಣದ ಚಿತ್ರವಾಗಿ ಉಳಿಯಬೇಕು. ಇದು ಕಷ್ಟದ ಕೆಲಸವೆಂದು ಒಪ್ಪುತ್ತೇನೆ. ಆದರೆ ಮೂಲ ದೋಷ ಕಷ್ಟದ್ದಾದರೆ ಆಗಲಿ, ಅನುಮತಿ ಕೇಳಿದಾಗ ಎರಡು ನಿಮಿಷ ಕಾಯಿಸಿ ಅನುಮತಿ ಕೊಡುವ ಏರ್ಪಾಡನ್ನಾದರೂ ಮಾಡಬಹುದಿತ್ತಲ್ಲ? ಭಾರತೀಯ ರೈಲ್ವೆಯಲ್ಲಿ ಸ್ವಯಂಚಾಲಿತ ಸಿಗ್ನಲ್ ಕೆಂಪಾಗಿದ್ದರೆ ಹಗಲಿನಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ನಿಂತು, ನಂತರ ಎಚ್ಚರಿಕೆಯಿಂದ ಮುಂದೆ ಸಾಗಲು ನಿಯಮವೇ ಅವಕಾಶ ಕೊಡುತ್ತದೆ. ರೈಲ್ವೆಯ ಶಿಸ್ತನ್ನು ಇಷ್ಟು ಶ್ರದ್ಧೆಯಿಂದ ಅನುಕರಿಸಿದವರು, ಆ ಶಿಸ್ತಿನ ಅರ್ಧಭಾಗವಾದ, ಕೆಟ್ಟಾಗ ಏನು ಮಾಡಬೇಕು ಎಂಬುದನ್ನೇ ಬಿಟ್ಟರು ಎಂಬುದು ನನ್ನ ನಿಜವಾದ ದೂರು.

ಉಚಿತವಾಗಿ ಸಿಗುವ ಓಪನ್ ರೈಲ್ಸ್ ಅನ್ನು ನೋಡಿದಾಗ ಈ ದೂರು ಇನ್ನೂ ಗಟ್ಟಿಯಾಗುತ್ತದೆ. ಮೈಕ್ರೋಸಾಫ್ಟ್ 2001ರಲ್ಲಿ ಹೊರತಂದ ಟ್ರೈನ್ ಸಿಮ್ಯುಲೇಟರಿನ ಮಾರ್ಗಗಳನ್ನು ಓಡಿಸಬಲ್ಲ ಈ ತಂತ್ರಾಂಶವನ್ನು ಸ್ವಯಂಸೇವಕರು ನಡೆಸುತ್ತಿದ್ದಾರೆ, ನಮ್ಮ ದೇಶದ ಹವ್ಯಾಸಿಗಳು ಅದಕ್ಕಾಗಿ ಭಾರತೀಯ ಇಂಜಿನ್ನುಗಳನ್ನೂ ಮಾರ್ಗಗಳನ್ನೂ ತಯಾರಿಸಿದ್ದಾರೆ. ಅದರ ದೃಶ್ಯಗಳು ಹಳೆಯವು, ಮರಗಳು ರಟ್ಟಿನ ಹಾಗೆ ಕಾಣುತ್ತವೆ. ಆದರೆ ಅಲ್ಲಿ ನಿಯಂತ್ರಕರ ನಕ್ಷೆಯನ್ನು ತೆರೆದು, ಹಠ ಹಿಡಿದ ಸಿಗ್ನಲ್ಲನ್ನು ಆಡುವವನೇ ಬದಲಾಯಿಸಬಹುದು. ಹಣ ತೆಗೆದುಕೊಳ್ಳದವರು ಕೊಟ್ಟಿರುವ ಈ ಹಿಂಬಾಗಿಲು ಹಣ ತೆಗೆದುಕೊಂಡವರಲ್ಲಿ ಇಲ್ಲ.

ಈಗ ನಾನು ಸೇವ್ ಮಾಡುವುದನ್ನೇ ಬಿಟ್ಟಿದ್ದೇನೆ. ವಾರದ ರಾತ್ರಿಗಳಲ್ಲಿ ನಲವತ್ತು ನಿಮಿಷಗಳ ಲೋಕಲ್ ರೈಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓಡಿಸುತ್ತೇನೆ. ಅವುಗಳಲ್ಲಿ ನಿಲ್ದಾಣಗಳು ಹೆಚ್ಚು, ಬ್ರೇಕಿನ ಕೆಲಸವೂ ಹೆಚ್ಚು, ಹಾಗಾಗಿ ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿಯೇ ಇದೆ. ಉದ್ದದ ಪ್ರಯಾಣ ಮಾತ್ರ ಭಾನುವಾರ ಮಧ್ಯಾಹ್ನಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ. ಐದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದೇನೆ. ಆ ಮೂರೂ ಇಂಜಿನ್ನಿನ ಕೋಣೆಗೆ ಸೇರಿದವು. ಒಂದೇ ಸಲಕ್ಕೆ ಒಂದೂವರೆ ಗಂಟೆ ಕೂರಬಲ್ಲವರು ರಿಯಾಯಿತಿ ಬಂದಾಗ ಮೂಲ ಆಟವನ್ನೂ ಒಂದೇ ಒಂದು ಮಾರ್ಗವನ್ನೂ ಕೊಳ್ಳಬಹುದು. ನನ್ನಂತೆ ತುಂಡು ತುಂಡು ಸಮಯದಲ್ಲಿ ಆಡುವವರು ತಿಳಿದಿರುವ ಸಮಸ್ಯೆಗಳ ಪಟ್ಟಿಯಿಂದ ಆ ಒಂದು ಸಾಲು ಅಳಿಸಿಹೋಗುವವರೆಗೆ ಹಣ ತೆರಬೇಡಿ.