ಸರ್ವರ್‌ಗೂ ಡಿಸ್ಕ್ ಅರೇಗೂ ನಡುವೆ ಏನಿರಬೇಕು: ಫೈಬರ್ ಚಾನೆಲ್, ಐ-ಸ್ಕಸಿ, ಎನ್‌ವಿಎಂಇ ಬಳಸಿ ನೋಡಿದ ಹೋಲಿಕೆ

ಎರಡು ಸರ್ವರ್, ಒಂದು ಡಿಸ್ಕ್ ಅರೇ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಇಟ್ಟು ಸರ್ವರ್‌ಗಳಿಗೆ ಹಂಚುವ ಪೆಟ್ಟಿಗೆ). ಮಧ್ಯೆ ಏನು ಹಾಕುವುದು: ಸ್ಟೋರೇಜ್‌ಗೇ ಅಂತ ಇರುವ ಬೇರೆ ನೆಟ್‌ವರ್ಕ್ ಆದ ಫೈಬರ್ ಚಾನೆಲ್, ಸಾಮಾನ್ಯ ಈಥರ್ನೆಟ್ ಮೇಲೆ ಓಡುವ ಐ-ಸ್ಕಸಿ, ಅಥವಾ ಎಸ್‌ಎಸ್‌ಡಿಗಳಿಗಾಗಿ ಬಂದ ಎನ್‌ವಿಎಂಇ? ಮಂಗಳೂರಿನ ಸಣ್ಣ ಆಫೀಸುಗಳಲ್ಲಿ ಸಿಸ್ಟಮ್ ನೋಡಿಕೊಳ್ಳುವ ಗೆಳೆಯರು ಸಿಕ್ಕಾಗಲೆಲ್ಲ ಈ ಮಾತು ಬರುತ್ತದೆ, ಮತ್ತು ಮೊದಲ ಪ್ರಶ್ನೆ ಯಾವಾಗಲೂ "ಯಾವುದು ಫಾಸ್ಟ್ ಮಾರಾಯ್ರೆ?" ಎಂದೇ ಇರುತ್ತದೆ. ಮೂರನ್ನೂ ಬಳಸಿ ನೋಡಿದ ಮೇಲೆ ನಾನು ಸ್ಪೀಡನ್ನು ಕೊನೆಗೆ ಇಡುತ್ತೇನೆ. ಬರೆಯುತ್ತಿರುವಾಗಲೇ ದಾರಿ ಕಡಿದರೆ ಏನಾಗುತ್ತದೆ? ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಸರಿಯಾಗುತ್ತದಾ? ಸರ್ವರ್ ಕಳಿಸಿದ ಕಮಾಂಡ್ ಅರ್ಥ ಕೆಡದೆ ಡಿಸ್ಕ್ ತನಕ ಹೋಗುತ್ತದಾ? ನಾನು ನೋಡುವುದು ಇದನ್ನೇ.

ನಾನು ನೋಡಿಕೊಳ್ಳುವ ಸರ್ವರ್ ರೂಮ್ ಕೊಡಿಯಾಲ್‌ಬೈಲಿನಲ್ಲಿದೆ. ಎಲ್ಲಾ ಲಿನಕ್ಸ್, ಅದರ ಮೇಲೆ ವರ್ಚುವಲ್ ಮಷಿನ್‌ಗಳು. ಹಳೇ ಸರ್ವರ್‌ಗಳಲ್ಲಿ 8 ಗಿಗಾಬಿಟ್ ಫೈಬರ್ ಚಾನೆಲ್ ಕಾರ್ಡ್‌ಗಳಿದ್ದವು, ಹೊಸದಾಗಿ ಬಂದ ಅರೇಗೆ ಐ-ಸ್ಕಸಿ ಮಾತ್ರ ಗೊತ್ತಿತ್ತು. ಹಾಗಾಗಿ ಎರಡರ ನಡುವೆ ಒಂದು ಲಿನಕ್ಸ್ ಮಷಿನ್ ಕೂರಿಸಿ ನೋಡಿದೆ. ಆಮೇಲೆ ಅದನ್ನು ತೆಗೆದು ನೇರ ಐ-ಸ್ಕಸಿ ಓಡಿಸಿದೆ. ಮಣಿಪಾಲದಲ್ಲಿ ಇದೇ ಕೆಲಸ ಮಾಡುವ ಗೆಳೆಯನ ಹತ್ತಿರ ಎಸ್‌ಎಸ್‌ಡಿ ತುಂಬಿದ ಒಂದು ಬಾಕ್ಸ್ ಇತ್ತು, ಅದರಲ್ಲಿ ಎನ್‌ವಿಎಂಇ ಓವರ್ ಟಿಸಿಪಿ ಪ್ರಯತ್ನಿಸಿದೆವು.

ಫೈಬರ್ ಚಾನೆಲ್ ಮತ್ತು ಐ-ಸ್ಕಸಿ ಬೇರೆ ಬೇರೆ ಲೋಕ ಅಂತ ಹಲವರು ಅಂದುಕೊಂಡಿದ್ದಾರೆ. ಒಳಗೆ ಹೋಗುವುದು ಅದೇ ಸ್ಕಸಿ (ಸರ್ವರ್ ಡಿಸ್ಕ್ ಜೊತೆ ಮಾತಾಡುವ ಭಾಷೆ) ಕಮಾಂಡ್: ರೀಡ್, ರೈಟ್, ಇನ್‌ಕ್ವೈರಿ, ರಿಪೋರ್ಟ್ ಲನ್ಸ್. ಸ್ಕಸಿಯ ಮೊದಲ ಸ್ಟ್ಯಾಂಡರ್ಡ್ ಬಂದದ್ದು 1986ರಲ್ಲಿ. ಅದನ್ನೇ ಟಿಸಿಪಿ ಮೇಲೆ ಹೊತ್ತೊಯ್ಯುವ ಐ-ಸ್ಕಸಿಯ ಆರ್‌ಎಫ್‌ಸಿ 3720 ಬಂದದ್ದು 2004ರಲ್ಲಿ. ಕಮಾಂಡ್ ಅದೇ ಆದ್ದರಿಂದಲೇ ಮಧ್ಯದಲ್ಲಿ ಕೂತು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಕೊಡುವ ಬಾಕ್ಸ್ ಸಾಧ್ಯ. ಇದು ಹೊಸ ಯೋಚನೆಯೂ ಅಲ್ಲ. ಫೈಬರ್ ಚಾನೆಲ್ ಸರ್ವರ್‌ಗಳನ್ನು ಸ್ಕಸಿ ಡಿಸ್ಕ್‌ಗಳಿಗೆ ಸೇರಿಸಿ, ಯಾರಿಗೆ ಯಾವ ಡಿಸ್ಕ್ ಅಂತ ಮ್ಯಾಪ್ ಇಟ್ಟುಕೊಳ್ಳುವ ಸ್ಟೋರೇಜ್ ರೌಟರ್‌ಗೆ ಟೆಕ್ಸಾಸ್‌ನ ಆಸ್ಟಿನ್‌ನ ಕ್ರಾಸ್‌ರೋಡ್ಸ್ ಸಿಸ್ಟಮ್ಸ್‌ಗೆ 1999ರಲ್ಲೇ ಪೇಟೆಂಟ್ ಸಿಕ್ಕಿತ್ತು. 2003ರಲ್ಲಿ ಐಬಿಎಂ ತನ್ನ ಸ್ಯಾನ್ ವಾಲ್ಯೂಮ್ ಕಂಟ್ರೋಲರ್ ತಂದಾಗ, ಬೇರೆ ಬೇರೆ ಅರೇಗಳನ್ನು ಒಂದೇ ಬಾಕ್ಸಿನ ಹಿಂದೆ ಇಡುವ ಕೆಲಸ ದೊಡ್ಡ ಮಟ್ಟದಲ್ಲಿ ಶುರುವಾಯಿತು.

ನನ್ನ ಮಧ್ಯದ ಬಾಕ್ಸ್ ಅಷ್ಟು ದೊಡ್ಡದಲ್ಲ. ಒಂದು ಹಳೇ ಸರ್ವರ್, ಅದರಲ್ಲಿ ಕ್ಯೂಲಾಜಿಕ್ ಕಂಪನಿಯ ಫೈಬರ್ ಚಾನೆಲ್ ಕಾರ್ಡ್ ಅನ್ನು ಟಾರ್ಗೆಟ್ ಮೋಡ್‌ಗೆ (ಡಿಸ್ಕ್ ಕೊಡುವ ಕಡೆಯಾಗಿ) ಹಾಕಿದ್ದು, ಮೇಲೆ ಲಿನಕ್ಸ್ ಕರ್ನಲ್‌ನದ್ದೇ ಎಲ್‌ಐಒ ಟಾರ್ಗೆಟ್. ಇದು 2011ರಿಂದ ಕರ್ನಲ್‌ನಲ್ಲಿದೆ, ಟಾರ್ಗೆಟ್‌ಸಿಎಲ್‌ಐ ಕಮಾಂಡ್‌ನಲ್ಲಿ ಎಲ್ಲಾ ಸೆಟ್ ಮಾಡಬಹುದು. ಬಾಕ್ಸ್ ಮಾಡುವುದು ಹಳೇ ಬಂದರಿನ ದುಬಾಷಿಯ ಕೆಲಸ: ಎರಡೂ ಕಡೆಯ ಮಾತು ಗೊತ್ತು, ಯಾರನ್ನು ಯಾರ ಹತ್ತಿರ ಬಿಡಬೇಕು ಅಂತಲೂ ಗೊತ್ತು. ಸರ್ವರ್ "ಲನ್ 0ರಿಂದ ಇಷ್ಟು ಬ್ಲಾಕ್ ಓದು" ಅಂತ ಫೈಬರ್‌ನಲ್ಲಿ ಕಳಿಸುತ್ತದೆ (ಲನ್ ಅಂದರೆ ಅರೇ ಒಂದು ಡಿಸ್ಕ್ ಆಗಿ ತೋರಿಸುವ ಜಾಗದ ನಂಬರ್). ಬಾಕ್ಸ್ ಆ ಸರ್ವರ್‌ನ 64 ಬಿಟ್ ಡಬ್ಲ್ಯೂಡಬ್ಲ್ಯೂಎನ್ (ಫೈಬರ್ ಕಾರ್ಡ್‌ನ ಗುರುತಿನ ಸಂಖ್ಯೆ) ನೋಡಿ, ಇವನಿಗೆ ಲನ್ 0 ಅಂದರೆ ಅರೇಯ ಲನ್ 3 ಅಂತ ಟೇಬಲ್‌ನಲ್ಲಿ ಹುಡುಕಿ, ತನ್ನದೇ ಹೆಸರಿನಲ್ಲಿ ಹೊಸ ಕಮಾಂಡ್ ಮಾಡಿ ಅರೇಗೆ ಕೇಳುತ್ತದೆ. ಉತ್ತರ ಬಂದ ಮೇಲೆ ಸರ್ವರ್‌ಗೆ ಕೊಡುತ್ತದೆ. ಅರೇಗೆ ಹಿಂದಿನ ಸರ್ವರ್‌ಗಳು ಕಾಣುವುದೇ ಇಲ್ಲ. ಅದಕ್ಕೆ ಗಿರಾಕಿ ಈ ಬಾಕ್ಸ್ ಒಂದೇ.

ಓದುವುದು, ಬರೆಯುವುದು ಚೆನ್ನಾಗಿಯೇ ನಡೆಯಿತು. ತೊಂದರೆ ಇದ್ದದ್ದು ಉಳಿದ ಕಮಾಂಡ್‌ಗಳಲ್ಲಿ, ಮತ್ತು ಈ ಹೋಲಿಕೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ ಜಾಗವೂ ಇದೇ.

ಅರೇಯಲ್ಲಿ ಲನ್ ದೊಡ್ಡದು ಮಾಡಿದರೆ ಅದು "ಸೈಜ್ ಬದಲಾಗಿದೆ" ಅಂತ ಯೂನಿಟ್ ಅಟೆನ್ಶನ್ ಕೊಡುತ್ತದೆ. ಆ ಸುದ್ದಿ ನನ್ನ ಬಾಕ್ಸ್ ತನಕ ಬಂತು, ಅಲ್ಲಿಂದ ಮುಂದೆ ಸರ್ವರ್‌ಗೆ ಹೋಗಲಿಲ್ಲ. ಮೊದಲು ಬಾಕ್ಸ್‌ನಲ್ಲಿ ಐ-ಸ್ಕಸಿ ಸೆಶನ್ ರೀಸ್ಕ್ಯಾನ್, ಆಮೇಲೆ ಸರ್ವರ್‌ನಲ್ಲಿ ರೀಸ್ಕ್ಯಾನ್, ಆಮೇಲೆ ಮಲ್ಟಿಪಾತ್‌ಗೆ (ಒಂದೇ ಡಿಸ್ಕ್‌ಗೆ ಇರುವ ಹಲವು ದಾರಿಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಹೇಳುವುದು. ಇದೇ ಕ್ರಮದಲ್ಲಿ ಮಾಡಬೇಕು. ಅನ್‌ಮ್ಯಾಪ್ ಕೂಡ ಹಾಗೆಯೇ. ಸರ್ವರ್ ಫೈಲ್ ಅಳಿಸಿ "ಈ ಜಾಗ ಬೇಡ" ಅಂದರೂ ಎಲ್‌ಐಒದಲ್ಲಿ ಎಮ್ಯುಲೇಟ್ ಟಿಪಿಯು ಅನ್ನುವ ಸೆಟ್ಟಿಂಗ್ ಮೊದಲಿನಿಂದ ಆಫ್ ಇರುತ್ತದೆ, ಹಾಗಾಗಿ ಥಿನ್ ಪ್ರೊವಿಶನಿಂಗ್ (ಬರೆದಷ್ಟಕ್ಕೇ ಜಾಗ ಕೊಡುವ ರೀತಿ) ಇರುವ ಅರೇಯಲ್ಲಿ ಖಾಲಿಯಾದ ಜಾಗ ವಾಪಸ್ ಬರುವುದೇ ಇಲ್ಲ, ಅರೇ ತುಂಬುತ್ತಲೇ ಹೋಗುತ್ತದೆ. ಅದನ್ನು 1 ಮಾಡಿದರೆ ಸರಿ.

ಇನ್ನೊಂದು, ಎಲ್‌ಐಒದ ಫೈಲ್‌ಐಒ ಬ್ಯಾಕ್‌ಸ್ಟೋರ್ (ಲನ್ ಹಿಂದಿನ ಜಾಗವನ್ನು ಫೈಲ್ ಆಗಿ ಬಳಸುವ ರೀತಿ). ಅದರಲ್ಲಿ ರೈಟ್ ಬ್ಯಾಕ್ ಮೊದಲೇ ಆನ್ ಇರುತ್ತದೆ. ಅಂದರೆ ಬರೆದದ್ದು ಬಾಕ್ಸಿನ ಮೆಮರಿಯಲ್ಲಿ ಇರುವಾಗಲೇ "ಆಯಿತು" ಅಂತ ಉತ್ತರ ಹೋಗುತ್ತದೆ. ಸರ್ವರ್ ಸರಿಯಾಗಿ ಸಿಂಕ್ರೊನೈಸ್ ಕ್ಯಾಶ್ (ಮೆಮರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆ ಅನ್ನುವ ಕಮಾಂಡ್) ಕಳಿಸಿದರೆ ಪರವಾಗಿಲ್ಲ, ಆದರೆ ನಮ್ಮ ಕಡೆ ಮೇ ಕೊನೆಗೆ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲು ಬರುವಾಗ ಕರೆಂಟ್ ಹೇಗೆ ಆಡುತ್ತದೆ ಅಂತ ಗೊತ್ತಲ್ವಾ, ನಾನಂತೂ ಡೇಟಾಬೇಸ್ ಇರುವ ಲನ್‌ಗೆ ಡಿಸ್ಕ್‌ಗೇ ನೇರ ಬರೆಯುವ ಬ್ಲಾಕ್ ಬ್ಯಾಕ್‌ಸ್ಟೋರ್ ಬಿಟ್ಟು ಬೇರೆ ಹಾಕುವುದಿಲ್ಲ.

ಒಂದೇ ಬಾಕ್ಸ್ ಇದ್ದರೆ ಅದು ಹೋದ ದಿನ ಎಲ್ಲವೂ ನಿಲ್ಲುತ್ತದೆ. ಎರಡು ಬಾಕ್ಸ್ ಇಡೋಣ ಅಂದರೆ ಕೆಲಸ ದುಪ್ಪಟ್ಟಿಗಿಂತ ಜಾಸ್ತಿ. ಎರಡೂ ಬಾಕ್ಸ್‌ಗಳು ಆ ಲನ್‌ಗೆ ಒಂದೇ ಸೀರಿಯಲ್ ನಂಬರ್ ಹೇಳಬೇಕು, ಇಲ್ಲದಿದ್ದರೆ ಸರ್ವರ್‌ನ ಮಲ್ಟಿಪಾತ್‌ಗೆ ಅವು ಎರಡು ಬೇರೆ ಡಿಸ್ಕ್ ಅಂತ ಕಾಣುತ್ತವೆ. ಯಾವ ದಾರಿ ಮುಖ್ಯ, ಯಾವುದು ಸ್ಪೇರ್ ಅಂತ ಆಲುವಾದಲ್ಲಿ (ದಾರಿಗಳ ಸ್ಥಿತಿ ತಿಳಿಸುವ ಸ್ಕಸಿ ವ್ಯವಸ್ಥೆ) ಸರಿಯಾಗಿ ಹೇಳಬೇಕು. ಕ್ಲಸ್ಟರ್ ಸಾಫ್ಟ್‌ವೇರ್ ಪರ್ಸಿಸ್ಟೆಂಟ್ ರಿಸರ್ವೇಶನ್ ಬಳಸಿದರೆ ಇನ್ನೂ ಕಷ್ಟ. ಒಂದು ಬಾಕ್ಸ್‌ನಲ್ಲಿ "ಈ ಡಿಸ್ಕ್ ನನ್ನದು" ಅಂತ ಬರೆಸಿಕೊಂಡದ್ದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎರಡೂ ಸರ್ವರ್ ಒಟ್ಟಿಗೆ ಬರೆದರೆ ಡೇಟಾ ಹಾಳಾಗುವುದು ಖಂಡಿತ. ಅದಕ್ಕೇ ಕ್ಲಸ್ಟರ್ ಇರುವ ಕಡೆ ಈ ರೀತಿ ಮನೆಯಲ್ಲಿ ಕಟ್ಟಿದ ಬಾಕ್ಸ್ ಬೇಡ ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಹಾಗಂತ ಫೈಬರ್ ಚಾನೆಲ್ ಕೆಟ್ಟದ್ದಲ್ಲ. ಅದರ ಬಗ್ಗೆ ನನಗೆ ಗೌರವ ಇದೆ. ಪೋರ್ಟ್ ಬಿದ್ದ ತಕ್ಷಣ ಸ್ವಿಚ್ಚೇ ಉಳಿದವರಿಗೆ ಸುದ್ದಿ ಮುಟ್ಟಿಸುತ್ತದೆ, ಸರ್ವರ್ ಟೈಮ್‌ಔಟ್ ಆಗುವ ತನಕ ಕಾಯಬೇಕಿಲ್ಲ. ಝೋನಿಂಗ್‌ನಲ್ಲಿ ಯಾರು ಯಾರನ್ನು ನೋಡಬಹುದು ಅನ್ನುವುದು ಸ್ವಿಚ್‌ನಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಸಿಡಿಲಿನ ಊರಿನಲ್ಲಿ ಗಾಜಿನ ಕೇಬಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅನ್ನುವುದೇ ದೊಡ್ಡ ಸಮಾಧಾನ, ಆದರೆ ಈಥರ್ನೆಟ್ ಸ್ವಿಚ್‌ಗೂ ಎಸ್‌ಎಫ್‌ಪಿ (ಕೇಬಲ್ ಜೋಡಿಸುವ ಸಣ್ಣ ಮಾಡ್ಯೂಲ್) ಹಾಕಿ ಅದೇ ಗಾಜಿನ ಕೇಬಲ್ ಎಳೆಯಬಹುದು, ಅದಕ್ಕಾಗಿಯೇ ಫೈಬರ್ ಚಾನೆಲ್ ಬೇಕಿಲ್ಲ. ತೊಂದರೆ ಬಿಡಿಭಾಗಗಳದ್ದು. ಕಾರ್ಡ್ ಹೋದರೆ ಬೆಂಗಳೂರಿನಿಂದ ಬರಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಪಾರ್ಸೆಲ್ ಯಾವಾಗ ಬರುತ್ತದೆ ಅಂತ ಹೇಳಲಾಗದು. ಈಥರ್ನೆಟ್ ಸ್ವಿಚ್ ಆದರೆ ಹಂಪನಕಟ್ಟೆಗೆ ಹೋಗಿ ಸಂಜೆಯೊಳಗೆ ತರಬಹುದು.

ಈಗ ನೇರ ಐ-ಸ್ಕಸಿ. ಮಧ್ಯದ ಬಾಕ್ಸ್ ಹೋದ ಕೂಡಲೇ ಮೇಲೆ ಹೇಳಿದ ಅರ್ಧ ತಲೆನೋವು ಹೋಯಿತು. ಅನ್‌ಮ್ಯಾಪ್, ಸೈಜ್ ಬದಲಾವಣೆ, ರಿಸರ್ವೇಶನ್ ಎಲ್ಲವೂ ಅರೇಗೇ ನೇರ ಹೋಗುತ್ತವೆ. 1 ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ 125 ಮೆಗಾಬೈಟ್ ಲೆಕ್ಕದ ಮಿತಿ, ಕೈಗೆ ಸಿಗುವುದು 110ರ ಆಸುಪಾಸು. ನಾಲ್ಕು ವರ್ಚುವಲ್ ಮಷಿನ್ ಒಟ್ಟಿಗೆ ಬ್ಯಾಕಪ್ ಶುರು ಮಾಡಿದರೆ ಅದು ಸಾಲದು, 10 ಗಿಗಾಬಿಟ್ ಹಾಕಿ. ಎರಡು ಕೇಬಲ್ ಇದ್ದರೆ ಬಾಂಡಿಂಗ್ (ಎರಡನ್ನೂ ಸೇರಿಸಿ ಒಂದೇ ಲಿಂಕ್ ಮಾಡುವುದು) ಮಾಡಬೇಡಿ. ಒಂದು ಟಿಸಿಪಿ ಸೆಶನ್ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ. ಎರಡು ಸಬ್‌ನೆಟ್ ಮಾಡಿ, ಎರಡು ಸ್ವಿಚ್ ಇಟ್ಟು, ಮಲ್ಟಿಪಾತ್‌ಗೆ ಬಿಡಿ.

ಜಂಬೋ ಫ್ರೇಮ್ (ಸಾಮಾನ್ಯಕ್ಕಿಂತ ದೊಡ್ಡ ಪ್ಯಾಕೆಟ್) ವಿಷಯದಲ್ಲಿ ಹುಷಾರು. ಎಂಟಿಯು 9000 ಅಂತ ಎರಡೂ ತುದಿಯಲ್ಲಿ ಹಾಕಿ ಮಧ್ಯದ ಸ್ವಿಚ್‌ನಲ್ಲಿ ಮರೆತರೆ ಲಾಗಿನ್ ಸುಲಭವಾಗಿ ಆಗುತ್ತದೆ, ಯಾಕೆಂದರೆ ಆ ಪ್ಯಾಕೆಟ್‌ಗಳು ಸಣ್ಣವು. ಡಿಸ್ಕ್ ಕೂಡ ಕಾಣುತ್ತದೆ. ದೊಡ್ಡ ಫೈಲ್ ಓದಲು ಹೋದಾಗ ಮಾತ್ರ ಎಲ್ಲವೂ ನಿಂತುಬಿಡುತ್ತದೆ, ಆಗ ಜನ ಡಿಸ್ಕ್ ಹಾಳಾಗಿದೆ ಅಂತ ಹುಡುಕುತ್ತಾರೆ. ಫ್ರಾಗ್ಮೆಂಟ್ ಆಗದಂತೆ 8972 ಬೈಟ್ ಪಿಂಗ್ ಕಳಿಸಿ ನೋಡಿದರೆ ಸುಲಭವಾಗಿ ಗೊತ್ತಾಗುತ್ತದೆ. ಚಾಪ್ ಪಾಸ್‌ವರ್ಡ್ ಹಾಕಿ, ಆದರೆ ಅದು ಕಾಯುವುದು ಲಾಗಿನ್ ಅನ್ನು ಮಾತ್ರ, ಡೇಟಾ ಎನ್‌ಕ್ರಿಪ್ಟ್ ಆಗದೆ ತೆರೆದೇ ಹೋಗುತ್ತದೆ, ಆದ್ದರಿಂದ ಸ್ಟೋರೇಜ್‌ಗೆ ಬೇರೆಯೇ ವಿಎಲ್ಯಾನ್ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್) ಬೇಕು.

ನನ್ನ ಮನಸ್ಸು ಗೆದ್ದದ್ದು ಐ-ಸ್ಕಸಿ ಬಿದ್ದ ಮೇಲೆ ಏಳುವ ರೀತಿ. ಸರ್ವರ್ ಯುಪಿಎಸ್‌ನಲ್ಲಿ ಓಡುತ್ತಿದೆ, ಅರೇ ಮಾತ್ರ ರೀಬೂಟ್ ಆಯಿತು ಅಂದುಕೊಳ್ಳಿ. ಲಿನಕ್ಸ್‌ನ ಐ-ಸ್ಕಸಿ ಮೊದಲ 120 ಸೆಕೆಂಡ್ ಕಮಾಂಡ್‌ಗಳನ್ನು ಹಿಡಿದಿಡುತ್ತದೆ. ಅದು ದಾಟಿದರೆ ಮೇಲಿನವರಿಗೆ ಎರರ್ ಕೊಡುತ್ತದೆ, ಫೈಲ್‌ಸಿಸ್ಟಮ್ ರೀಡ್ ಓನ್ಲಿ ಆಗಬಹುದು, ಆದರೆ ಸೆಶನ್ ಮಾತ್ರ ಪ್ರಯತ್ನ ಬಿಡುವುದಿಲ್ಲ. ಅರೇ ಎದ್ದ ಕೂಡಲೇ ಲಾಗಿನ್ ಆಗಿ ಡಿಸ್ಕ್ ಅದೇ ಹೆಸರಿನಲ್ಲಿ ಸಿಗುತ್ತದೆ. ಮಲ್ಟಿಪಾತ್ ಇದ್ದರೆ ಆ 120 ಅನ್ನು 5ಕ್ಕೆ ಇಳಿಸಿ, ಒಂದು ದಾರಿ ಹೋದಾಗ ಬೇಗ ಇನ್ನೊಂದಕ್ಕೆ ಹೋಗಲಿ. ಎರಡೂ ದಾರಿ ಹೋದಾಗ ಎಷ್ಟು ಕಾಯಬೇಕು ಅನ್ನುವುದನ್ನು ಮಲ್ಟಿಪಾತ್ ನಿರ್ಧರಿಸಲಿ. ಶಾಶ್ವತವಾಗಿ ಕಾಯಿ ಅಂತ ಹಾಕಿದರೆ, ಅರೇ ಬರದಿದ್ದರೆ ಪ್ರೊಸೆಸ್‌ಗಳು ಸಾಯಿಸಲೂ ಆಗದಂತೆ ಸಿಕ್ಕಿಕೊಳ್ಳುತ್ತವೆ. ನಾನು ಅರೇಯ ಬೂಟ್ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಇಡುತ್ತೇನೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನೇನು ಮೌಂಟ್ ಮಾಡಬೇಕು ಅನ್ನುವ ಫೈಲ್) ನೆಟ್‌ಡೆವ್ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ನೆಟ್‌ವರ್ಕ್ ಏಳುವ ಮೊದಲೇ ಮೌಂಟ್ ಮಾಡಲು ಹೋಗಿ ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ಕೂರುತ್ತದೆ.

ಎಟಿಎ ಓವರ್ ಈಥರ್ನೆಟ್ (ಡಿಸ್ಕ್ ಕಮಾಂಡ್ ಅನ್ನು ನೇರ ಈಥರ್ನೆಟ್‌ನಲ್ಲಿ ಕಳಿಸುವ ಪ್ರೋಟೋಕಾಲ್) ಕೂಡ ನೋಡಿದೆ. ಸೆಟಪ್ ತುಂಬಾ ಸುಲಭ, ಐಪಿಯೇ ಇಲ್ಲ. ಅದರಿಂದಲೇ ರೌಟ್ ಮಾಡಲಾಗುವುದಿಲ್ಲ, ಪಾಸ್‌ವರ್ಡ್ ಅನ್ನುವುದೂ ಇಲ್ಲ. ಆಫೀಸಿಗೆ ಬೇಡ.

ಎನ್‌ವಿಎಂಇ ಓವರ್ ಟಿಸಿಪಿ ಬೇರೆ ಜಾತಿ. ಇಲ್ಲಿ ಸ್ಕಸಿಯೇ ಇಲ್ಲ. ಸ್ಟ್ಯಾಂಡರ್ಡ್ ಒಪ್ಪಿಗೆಯಾದದ್ದು 2018ರ ನವೆಂಬರ್‌ನಲ್ಲಿ, 2019ರ ಮಾರ್ಚ್‌ನ ಲಿನಕ್ಸ್ 5.0ರಲ್ಲಿ ಬಂತು. ಹಳೇ ಸಾಟಾ ಡಿಸ್ಕ್‌ಗಳ ಎಎಚ್‌ಸಿಐ ಇಂಟರ್‌ಫೇಸ್‌ಗೆ 32 ಕಮಾಂಡ್‌ಗಳ ಒಂದೇ ಕ್ಯೂ. ಎನ್‌ವಿಎಂಇಯಲ್ಲಿ ಪ್ರತಿ ಸಿಪಿಯು ಕೋರ್‌ಗೂ ಅದರದ್ದೇ ಕ್ಯೂ ಕೊಡಬಹುದು. ಮಣಿಪಾಲದ ಎಸ್‌ಎಸ್‌ಡಿ ಬಾಕ್ಸ್‌ನಲ್ಲಿ, 10 ಗಿಗಾಬಿಟ್ ಮೇಲೆ, ಸಣ್ಣ ಸಣ್ಣ ರೀಡ್‌ಗಳು ತುಂಬಾ ಇರುವ ಡೇಟಾಬೇಸ್ ಕೆಲಸದಲ್ಲಿ ಅದೇ ಬಾಕ್ಸಿನ ಐ-ಸ್ಕಸಿಗಿಂತ ಇದು ಸ್ಪಷ್ಟವಾಗಿ ಮುಂದಿತ್ತು, ಸಿಪಿಯು ಕೂಡ ಕಡಿಮೆ ತಿಂದಿತು. ದೊಡ್ಡ ಫೈಲ್ ಕಾಪಿಯಲ್ಲಿ ಎರಡೂ ಸಮ, ಕೇಬಲ್ ತುಂಬಿದ ಮೇಲೆ ಯಾರೇನು ಮಾಡಲಾಗುತ್ತದೆ?

ತಿರುಗುವ ಹಾರ್ಡ್ ಡಿಸ್ಕ್‌ಗಳ ಮುಂದೆ ಇದನ್ನು ಹಾಕುವುದು ಮಾತ್ರ ಸುಮ್ನೆ ಖರ್ಚು. ಲಿನಕ್ಸ್ ಯಾವ ಬ್ಲಾಕ್ ಡಿವೈಸ್ ಅನ್ನಾದರೂ ಎನ್‌ವಿಎಂಇ ಆಗಿ ತೋರಿಸಬಲ್ಲದು, ಹಿಂದೆ ಐ-ಸ್ಕಸಿ ಡಿಸ್ಕ್ ಇದ್ದರೂ ಸರಿ. ಆದರೆ 7200 ಆರ್‌ಪಿಎಂ ಡಿಸ್ಕ್ ಅರ್ಧ ಸುತ್ತು ತಿರುಗಲೇ 4 ಮಿಲಿಸೆಕೆಂಡ್ ದಾಟುತ್ತದೆ, ಪ್ರೋಟೋಕಾಲ್‌ನಲ್ಲಿ ಉಳಿಯುವ ಮೈಕ್ರೊಸೆಕೆಂಡ್‌ಗಳು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಬಿದ್ದ ಮೇಲೆ ಏಳುವುದರಲ್ಲಿ ಇಲ್ಲೊಂದು ವ್ಯತ್ಯಾಸ ಇದೆ. ಸಂಪರ್ಕ ಕಡಿದರೆ ಎನ್‌ವಿಎಂಇ 10 ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ, 600 ಸೆಕೆಂಡ್ ಆದ ಮೇಲೆ ಕೈಬಿಡುತ್ತದೆ, ಡಿಸ್ಕ್ ಸರ್ವರ್‌ನಿಂದ ಮಾಯ. ಆಮೇಲೆ ಅರೇ ಬಂದರೂ ಕನೆಕ್ಟ್ ಕಮಾಂಡ್ ಮತ್ತೆ ಕೊಡಬೇಕು. ಅರ್ಧ ಗಂಟೆ ಕರೆಂಟ್ ಹೋಗುವ ಕಡೆ ಇದು ನಡೆಯದು. ಕನೆಕ್ಟ್ ಮಾಡುವಾಗಲೇ ಕಂಟ್ರೋಲರ್ ಲಾಸ್ ಟೈಮ್‌ಔಟ್ ಅನ್ನು ಮೈನಸ್ 1 ಕೊಟ್ಟರೆ ಬಿಡದೆ ಪ್ರಯತ್ನಿಸುತ್ತಿರುತ್ತದೆ. ಟಾರ್ಗೆಟ್ ಕಡೆಯಲ್ಲಿ "ಅಲೋ ಎನಿ ಹೋಸ್ಟ್" ಅನ್ನು ಟೆಸ್ಟ್ ಮುಗಿದ ಕೂಡಲೇ ಆಫ್ ಮಾಡಿ, ಪ್ರತಿ ಸರ್ವರ್‌ನ ಎನ್‌ಕ್ಯೂಎನ್ (ಎನ್‌ವಿಎಂಇಯಲ್ಲಿ ಅದರ ಗುರುತಿನ ಹೆಸರು) ಸೇರಿಸಿ.

ಹಾರ್ಡ್ ಡಿಸ್ಕ್ ಅರೇ ಇರುವ ಸಣ್ಣ ಆಫೀಸಿಗೆ ನನ್ನ ಆಯ್ಕೆ ಎರಡು ದಾರಿಯ ನೇರ ಐ-ಸ್ಕಸಿ, ಎರಡನೇ ಯೋಚನೆ ಬೇಡ. ಪೂರ್ತಿ ಎಸ್‌ಎಸ್‌ಡಿ ಅರೇ ಮತ್ತು 10 ಗಿಗಾಬಿಟ್ ಅಥವಾ ಮೇಲಿನ ನೆಟ್‌ವರ್ಕ್ ಇದ್ದರೆ ಎನ್‌ವಿಎಂಇ ಓವರ್ ಟಿಸಿಪಿ. ಫೈಬರ್ ಚಾನೆಲ್ ಈಗಾಗಲೇ ಇದ್ದು, ಅದನ್ನು ಬಲ್ಲವರು ಆಫೀಸಿನಲ್ಲೇ ಇದ್ದು, ಸ್ಪೇರ್ ಕಪಾಟಿನಲ್ಲಿದ್ದರೆ ಅದು ಮುಂದುವರಿಯಲಿ. ಮಧ್ಯದ ಅನುವಾದದ ಬಾಕ್ಸ್ ಹಳೇ ಅರೇಯಿಂದ ಹೊಸದಕ್ಕೆ ಡೇಟಾ ಸಾಗಿಸುವ ತನಕ ಇರಲಿ, ಆಮೇಲೆ ತೆಗೆಯಿರಿ. ನನ್ನಲ್ಲಿ ಹಾಗೆಯೇ ಮಾಡಿದ್ದೇನೆ.

ಕೊಳ್ಳುವ ಮೊದಲು ಡೆಮೊ ಬಾಕ್ಸ್ ಕೇಳಿ. ಎಫ್‌ಐಒ ಅನ್ನುವ ಡಿಸ್ಕ್ ಟೆಸ್ಟ್ ಪ್ರೋಗ್ರಾಮ್‌ನಲ್ಲಿ ವೆರಿಫೈ ಆನ್ ಮಾಡಿ ಬರೆಯಲು ಬಿಡಿ, ಬರೆಯುತ್ತಿರುವಾಗಲೇ ಒಂದು ಕೇಬಲ್ ಎಳೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಎರಡನೆಯದನ್ನೂ ಎಳೆಯಿರಿ, ಅರೇಯ ಪ್ಲಗ್ಗೂ ತೆಗೆದು ಹಾಕಿ. ಎಲ್ಲವೂ ವಾಪಸ್ ಬಂದ ಮೇಲೆ ಚೆಕ್‌ಸಮ್ ಹೊಂದುತ್ತದಾ, ಕೈ ಹಾಕದೆ ಡಿಸ್ಕ್ ಮರಳಿ ಬಂತಾ ಅಂತ ನೋಡಿ. ಎಂಬಿಪಿಎಸ್ ಅಂಕಿ ಬ್ರೋಷರ್‌ನಲ್ಲೇ ಇರುತ್ತದೆ.