ಸೂತ್ರ ಮಾದರಿ: ವಾರಗಳ ಮಟ್ಟಿಗೆ ಒಳ್ಳೆಯದು, ತಿಂಗಳುಗಳ ಮಟ್ಟಿಗೆ ಅಲ್ಲ

ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ಐಐಟಿ ಹೈದರಾಬಾದಿನ ಎಂ. ವಿದ್ಯಾಸಾಗರ್ ಹಾಗೂ ಲೆಫ್ಟಿನೆಂಟ್ ಜನರಲ್ ಮಾಧುರಿ ಕಾನಿಟ್ಕರ್ ರೂಪಿಸಿದ ‘ಸೂತ್ರ’ ಎಂಬ, ಸೋಂಕಿನ ಏರಿಳಿತವನ್ನು ಲೆಕ್ಕ ಹಾಕುವ ಗಣಿತ ಮಾದರಿಯ ಅಂದಾಜುಗಳನ್ನು ರಾಜ್ಯ ಆರೋಗ್ಯ ಇಲಾಖೆಯ ಸಂಜೆಯ ಬುಲೆಟಿನ್ ಪಕ್ಕದಲ್ಲಿಟ್ಟು ತಾಳೆ ನೋಡುವುದು ಕೋವಿಡ್ ಎರಡನೇ ಅಲೆಯ ದಿನಗಳಲ್ಲಿ ನನ್ನ ನಿತ್ಯದ ಕೆಲಸವಾಗಿತ್ತು. ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಅದರ ರಚನೆಯಲ್ಲಿ ಆಸಕ್ತಿಯಿತ್ತು. ಮನೆಯಲ್ಲಿ ವಯಸ್ಸಾದವರಿದ್ದುದರಿಂದ ಅದರ ಉತ್ತರವೂ ಬೇಕಾಗಿತ್ತು.

1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಕೊಟ್ಟ ಹಳೆಯ ಮಾದರಿಯು ಜನರನ್ನು ಸೋಂಕು ತಗಲಬಹುದಾದವರು, ಸೋಂಕಿತರು, ಸೋಂಕಿನಿಂದ ಹೊರಬಂದವರು ಎಂದು ವಿಂಗಡಿಸುತ್ತದೆ. ಪರೀಕ್ಷೆಯಲ್ಲಿ ಪತ್ತೆಯಾಗದೆ ಉಳಿದ ಸೋಂಕಿತರಿಗೆ ಸೂತ್ರವು ಪ್ರತ್ಯೇಕ ಗುಂಪನ್ನು ಕೊಡುತ್ತದೆ. ಜೊತೆಗೆ ರೋಗವು ಜನಸಂಖ್ಯೆಯ ಎಷ್ಟು ಪಾಲನ್ನು ಈವರೆಗೆ ಮುಟ್ಟಿದೆ ಎಂಬುದನ್ನೂ ಒಂದು ಅಳತೆಯಾಗಿ ಲೆಕ್ಕಕ್ಕೆ ತರುತ್ತದೆ. ಈ ಅಳತೆಗಳನ್ನೆಲ್ಲ ದಿನದಿನದ ವರದಿಯ ಅಂಕಿಗಳಿಂದಲೇ ಹೊರತೆಗೆಯುವುದು ಅದರ ನಿಜವಾದ ಸೊಗಸು. ಪತ್ತೆಯಾಗದ ಸೋಂಕು ಅಪಾರವಾಗಿದ್ದ ನಮ್ಮಂತಹ ದೇಶಕ್ಕೆ ಇದು ತಕ್ಕ ಆಯ್ಕೆಯೆಂದು ನಾನು ಈಗಲೂ ಭಾವಿಸುತ್ತೇನೆ.

ಆದರೆ ಮಾದರಿಯ ಮಿತಿಯೂ ಅದೇ ಜಾಗದಲ್ಲಿದೆ. ಹರಡುವ ವೇಗ ಬದಲಾದರೆ ಆ ಬದಲಾವಣೆ ಅಂಕಿಗಳಲ್ಲಿ ಮೂಡಿ, ಒಂದಿಷ್ಟು ದಿನ ಸ್ಥಿರಗೊಂಡ ಮೇಲಷ್ಟೇ ಸೂತ್ರಕ್ಕೆ ಅದು ತಿಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನೇಮಿಸಿದ್ದ, ಈ ಮಾದರಿಯ ರೂವಾರಿಗಳೂ ಇದ್ದ ಸಮಿತಿಯು, ಮುನ್ನೆಚ್ಚರಿಕೆ ಮುಂದುವರಿದರೆ ಫೆಬ್ರವರಿ ವೇಳೆಗೆ ಸೋಂಕು ತೀರಾ ತಗ್ಗುತ್ತದೆ ಎಂದಿತ್ತು. ಫೆಬ್ರವರಿಯಲ್ಲಿ ಸಂಖ್ಯೆ ತಗ್ಗಿದ್ದೂ ನಿಜ. ಅದರ ಬೆನ್ನಿಗೇ ಎದ್ದ ಅಲೆಯ ಸುಳಿವು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

2021ರ ಏಪ್ರಿಲ್ ಆರಂಭದಲ್ಲಿ, ಎರಡನೇ ಅಲೆ ಅದೇ ತಿಂಗಳ ಮಧ್ಯಭಾಗಕ್ಕೆ ಉತ್ತುಂಗ ಮುಟ್ಟುತ್ತದೆ ಎಂಬ ಸೂತ್ರದ ಅಂದಾಜು ಹೊರಬಿತ್ತು. ವಾಸ್ತವದಲ್ಲಿ ಮೇ ಮೊದಲ ವಾರದಲ್ಲಿ ದೇಶದ ಒಂದು ದಿನದ ಹೊಸ ಪ್ರಕರಣಗಳು 4 ಲಕ್ಷ ದಾಟಿದವು. ಕರ್ನಾಟಕ ಒಂದರಲ್ಲೇ ಅವು 50 ಸಾವಿರ ದಾಟಿದವು. ಹೀಗಿದ್ದರೂ, ಏಪ್ರಿಲ್ ನಾಲ್ಕನೇ ವಾರದಲ್ಲಿ ಪರಿಷ್ಕರಿಸಿದ ಅಂದಾಜನ್ನು ಮರೆತು ತೀರ್ಪು ಕೊಡುವುದು ಅನ್ಯಾಯವಾಗುತ್ತದೆ: ಮೇ 11ರಿಂದ 15ರ ನಡುವೆ ಸಕ್ರಿಯ ಪ್ರಕರಣಗಳು 33ರಿಂದ 35 ಲಕ್ಷಕ್ಕೆ ಏರುತ್ತವೆ ಎಂದು ಅದು ಹೇಳಿತ್ತು, ಮತ್ತು ಮೇ ಎರಡನೇ ವಾರದಲ್ಲಿ ಅವು 37 ಲಕ್ಷದ ಆಸುಪಾಸಿಗೆ ಏರಿ ಇಳಿಯತೊಡಗಿದವು. ಎರಡು ಮೂರು ವಾರ ಮುಂಚೆ ಇಷ್ಟು ಸಮೀಪದ ಅಂದಾಜು ಸಿಕ್ಕಿದರೆ ಆಮ್ಲಜನಕ, ಹಾಸಿಗೆ, ಸಿಬ್ಬಂದಿಯ ವ್ಯವಸ್ಥೆಗೆ ಅದು ಎಷ್ಟು ನೆರವಾಗಬಲ್ಲದೆಂಬುದನ್ನು ಆ ದಿನಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ.

ನನ್ನ ಮುಖ್ಯ ಆಕ್ಷೇಪ ಅಂದಾಜನ್ನು ಜನರಿಗೆ ಮುಟ್ಟಿಸಿದ ರೀತಿಯ ಬಗ್ಗೆ. ಒಂದೇ ಗೆರೆ, ಒಂದೇ ದಿನಾಂಕ ಎದುರಿಗಿದ್ದಾಗ ಓದುಗರು ಅದನ್ನು ಪಂಚಾಂಗದ ಗ್ರಹಣದಂತೆ ಖಚಿತವೆಂದು ಹಿಡಿಯುತ್ತಾರೆ. ಅಂದಾಜು ಎಷ್ಟು ತಪ್ಪಬಹುದೆಂದು ತೋರಿಸುವ ಅನಿಶ್ಚಯದ ಪಟ್ಟೆಯೊಂದು ಗೆರೆಯ ಆಚೀಚೆ ಕಾಣುತ್ತಿದ್ದರೆ, ಅದು ವಾರದಿಂದ ವಾರಕ್ಕೆ ಅಗಲವಾಗುವುದು ಸಾಮಾನ್ಯರ ಕಣ್ಣಿಗೂ ಬೀಳುತ್ತಿತ್ತು. ಮೂರನೇ ಅಲೆಯ ಬಗ್ಗೆ ಮಾತನಾಡುವಾಗ ಅಗರವಾಲ್ ಅವರು ಮೂರು ಬೇರೆ ಬೇರೆ ಸನ್ನಿವೇಶಗಳನ್ನು ಮುಂದಿಟ್ಟಿದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ ಸುಧಾರಣೆ.

ಶಾಲೆ ಮುಚ್ಚಿದರೆ ಏನಾಗುತ್ತದೆ, ಕಚೇರಿಗೆ ಅರ್ಧ ಜನ ಮಾತ್ರ ಬಂದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಸೂತ್ರ ತಕ್ಕ ಸಾಧನವಲ್ಲ. ಅದಕ್ಕೆ ಮನೆ, ಶಾಲೆ, ಕೆಲಸದ ಜಾಗ, ಓಡಾಟಗಳನ್ನೆಲ್ಲ ಗಣಕದಲ್ಲಿ ಕಟ್ಟಿ ಒಬ್ಬೊಬ್ಬ ವ್ಯಕ್ತಿಯನ್ನೂ ಹಿಂಬಾಲಿಸುವ ಮಾದರಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ತಂಡವು 2020ರಲ್ಲಿ ಬೆಂಗಳೂರು, ಮುಂಬೈಗಳಿಗಾಗಿ ಸಿದ್ಧಪಡಿಸಿದ್ದು ಅಂಥದ್ದು. ಏರುತ್ತಿರುವ ಅಲೆ ಯಾವಾಗ ಇಳಿಮುಖವಾಗಬಹುದೆಂದು ತಿಳಿಯಬೇಕಾದ ಜಿಲ್ಲಾ ಆಸ್ಪತ್ರೆಗೆ ನಾನು ಸೂತ್ರವನ್ನೇ ಸೂಚಿಸುತ್ತೇನೆ, ಆದರೆ ಪ್ರತಿ ವಾರ ಹೊಸ ಅಂಕಿಗಳೊಂದಿಗೆ ಮತ್ತೆ ಲೆಕ್ಕ ಹಾಕಬೇಕೆಂಬ ಷರತ್ತಿನ ಮೇಲೆ.